ಒಂದು ಮದುವೆ ಗೌನ್ ಹೇಗೆ ಹುಟ್ಟುತ್ತದೆ? ರಾಣಿಯರ ಲೇಸಿನಿಂದ ತಾರೆಯರ ಟ್ರೇನ್‌ವರೆಗೆ

2025ರ ಜೂನ್ ಕೊನೆಯಲ್ಲಿ ವೆನಿಸ್‌ನಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಮತ್ತು ಲಾರೆನ್ ಸ್ಯಾಂಚೆಜ್ ಮದುವೆ ನಡೆಯಿತು. ಮರುದಿನ ಎಲ್ಲಿ ನೋಡಿದರೂ ವಧುವಿನ ಲೇಸ್ ಗೌನಿನದೇ ಫೋಟೊ. ಜೊತೆಗೆ ಒಂದಷ್ಟು ವಿವರ: ಡಾಲ್ಚೆ ಅಂಡ್ ಗಬಾನಾ ಮಾಡಿದ್ದು, 180 ಗುಂಡಿಗಳಿವೆ, 900 ಗಂಟೆಗಳ ಕೆಲಸ. ದೊಡ್ಡ ಮದುವೆ ಆದಾಗಲೆಲ್ಲ ಹೀಗೇ ಆಗುತ್ತದೆ. ಕುಟೂರ್, ಟ್ರೇನ್, ಅಪ್ಲಿಕ್, ಬಾಡಿಸ್ ಅಂತ ಪದಗಳು ಸಾಲಾಗಿ ಬರುತ್ತವೆ. ಅವೇನು ಅಂತ ಬಿಡಿಸಿ ಹೇಳುವವರು ಕಡಿಮೆ.

ಒಂದು ಬಟ್ಟೆಗೆ 900 ಗಂಟೆ ಯಾಕೆ ಬೇಕು? ಬಿಳಿ ಬಣ್ಣವೇ ಯಾಕೆ? ಹಿಂದೆ ಅಷ್ಟುದ್ದ ಬಟ್ಟೆ ಯಾಕೆ ಎಳೆದುಕೊಂಡು ಹೋಗುತ್ತಾರೆ? ಈ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರಗಳಿವೆ. ಗೌನ್ ಬಗ್ಗೆ ಮಾತು ಬಂದಾಗ ನಮಗೆ ಕೇಳಿಸುವುದು ಎರಡೇ ಹೆಸರು, ತೊಟ್ಟವರದ್ದು ಮತ್ತು ಡಿಸೈನರ್‌ದು. ಆದರೆ ಗೌನಿನ ಕಥೆಯ ಮುಕ್ಕಾಲು ಪಾಲು ಇರುವುದು ಈ ಇಬ್ಬರ ನಡುವೆ ದುಡಿದವರ ಹತ್ತಿರ. ನೇಯ್ದವರು, ಲೇಸ್ ಹೆಣೆದವರು, ರಾತ್ರಿಯೆಲ್ಲ ಕೂತು ಮುತ್ತು ಪೋಣಿಸಿದವರು. ಅವರನ್ನು ಬಿಟ್ಟು ಗೌನ್ ಅರ್ಥ ಆಗುವುದಿಲ್ಲ.

ಮೊದಲು ಗೌನಿನ ಭಾಗಗಳು

ಸೊಂಟದಿಂದ ಮೇಲೆ ಮೈಗೆ ಅಂಟಿಕೊಂಡಿರುವ ಭಾಗ ಬಾಡಿಸ್. ಹೊರಗಿನಿಂದ ನುಣುಪಾದ ಬಟ್ಟೆ ಮಾತ್ರ ಕಾಣುತ್ತದೆ. ಒಳಗೆ ಗಟ್ಟಿ ಹತ್ತಿ ಬಟ್ಟೆಯ ಒಂದು ಪದರ, ಅದರಲ್ಲಿ ನೆಟ್ಟಗೆ ಹೊಲಿದ ತೆಳ್ಳನೆಯ ಪಟ್ಟಿಗಳು, ಸೊಂಟದ ಸುತ್ತ ಬಿಗಿಯುವ ಒಂದು ರಿಬ್ಬನ್ ಇರುತ್ತದೆ. ತೋಳೇ ಇಲ್ಲದ ಗೌನ್ ಜಾರದೆ ನಿಲ್ಲುವುದು ಹೇಗೆ ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಎದೆಯ ಮೇಲೆ ನಿಂತಿರುವುದಿಲ್ಲ, ಒಳಗಿನ ಆ ರಿಬ್ಬನ್ ಆಸರೆಯಿಂದ ಸೊಂಟದ ಮೇಲೆ ಕೂತಿರುತ್ತದೆ.

ಸೊಂಟದಿಂದ ಕೆಳಗಿನದು ಸ್ಕರ್ಟ್. ಅದರ ಆಕಾರದಿಂದಲೇ ಗೌನಿಗೆ ಹೆಸರು. ಸೊಂಟದಿಂದ ದುಂಡಗೆ ಉಬ್ಬಿದರೆ ಬಾಲ್ ಗೌನ್, ನಿಧಾನಕ್ಕೆ ಅಗಲವಾದರೆ ಎ-ಲೈನ್, ಮೊಣಕಾಲಿನವರೆಗೆ ಬಿಗಿಯಾಗಿದ್ದು ಆಮೇಲೆ ಹರಡಿದರೆ ಮರ್ಮೇಡ್, ಮೈಗುಂಟ ಸುಮ್ನೆ ಇಳಿದರೆ ಸ್ಲಿಪ್. ನೆಲದ ಮೇಲೆ ಹಿಂದೆ ಹರಿಯುವ ಭಾಗ ಟ್ರೇನ್. ತಲೆಯಿಂದ ಇಳಿಯುವ ತೆಳು ಬಲೆ ಬಟ್ಟೆ ವೇಲ್.

ಈ ಟ್ರೇನ್ ಇರುವುದು ಬರೀ ಆಡಂಬರಕ್ಕಲ್ಲ. ಚರ್ಚಿನಲ್ಲಿ ಮದುವೆ ನಡೆಯುವಾಗ ವಧು ಪೀಠದ ಕಡೆ ಮುಖ ಮಾಡಿ ನಿಂತಿರುತ್ತಾಳೆ. ಬಂದವರಿಗೆ ಹೆಚ್ಚು ಹೊತ್ತು ಕಾಣುವುದು ಅವಳ ಬೆನ್ನು. ಹಾಗಾಗಿ ಗೌನಿನ ಹಿಂಭಾಗಕ್ಕೂ ಮುಂಭಾಗದಷ್ಟೇ ಕೆಲಸ ಮಾಡುತ್ತಾರೆ. ಬೆನ್ನುದ್ದಕ್ಕೂ ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳ ಸಾಲು ಬರುವುದೂ ಇದಕ್ಕೇ. 2011ರಲ್ಲಿ ಬ್ರಿಟನ್ ರಾಜಕುಮಾರ ವಿಲಿಯಂನನ್ನು ಮದುವೆಯಾದ ಕೇಟ್ ಮಿಡಲ್‌ಟನ್ ಗೌನಿನ ಬೆನ್ನಿನಲ್ಲಿ 58 ಗುಂಡಿಗಳಿದ್ದವು. ಎತ್ತರದ ಚಾವಣಿ, ಉದ್ದದ ನಡುದಾರಿ ಇರುವ ದೊಡ್ಡ ಚರ್ಚಿನಲ್ಲಿ ಸಣ್ಣ ಟ್ರೇನ್ ಕಣ್ಣಿಗೇ ಬೀಳುವುದಿಲ್ಲ. ಕಟ್ಟಡದ ಅಳತೆಗೆ ತಕ್ಕಂತೆ ಬಟ್ಟೆಯ ಅಳತೆ.

ರೇಷ್ಮೆ ಬೇರೆ, ಸ್ಯಾಟಿನ್ ಬೇರೆ

ಗೌನಿನ ಸುದ್ದಿಗಳಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ರೇಷ್ಮೆ ಅನ್ನುವುದು ನೂಲು. ಸ್ಯಾಟಿನ್, ಟಾಫೆಟಾ, ತೆಳುವಾಗಿ ಪಾರದರ್ಶಕವಾಗಿರುವ ಆರ್ಗನ್ಜಾ ಇವೆಲ್ಲ ನೇಯುವ ರೀತಿಯಿಂದ ಬಂದ ಬಟ್ಟೆಗಳು. ನೂಲು ಇಟ್ಟಿಗೆ ಇದ್ದಂತೆ, ನೇಯ್ಗೆ ಅಂದರೆ ಆ ಇಟ್ಟಿಗೆಯನ್ನು ಹೇಗೆ ಜೋಡಿಸಿ ಗೋಡೆ ಕಟ್ಟಿದ್ದೀರಿ ಅನ್ನುವುದು. ರೇಷ್ಮೆಯಿಂದಲೂ ಸ್ಯಾಟಿನ್ ನೇಯಬಹುದು, ಪಾಲಿಯೆಸ್ಟರ್‌ನಿಂದಲೂ ನೇಯಬಹುದು.

ಸ್ಯಾಟಿನ್‌ನಲ್ಲಿ ಎಳೆಗಳು ಒಂದರ ಅಡಿ ಒಂದು ಹೋಗುವ ಮೊದಲು ಮೇಲ್ಮೈಯಲ್ಲಿ ಉದ್ದಕ್ಕೆ ಓಡುತ್ತವೆ. ಅದಕ್ಕೇ ಬೆಳಕು ಬಿದ್ದರೆ ಹೊಳೆಯುತ್ತದೆ. ಟಾಫೆಟಾದಲ್ಲಿ ಎಳೆಗಳು ಒಂದು ಮೇಲೆ ಒಂದು ಕೆಳಗೆ ಅಂತ ಒತ್ತೊತ್ತಾಗಿ ಹೆಣೆದಿರುತ್ತವೆ. ಬಟ್ಟೆ ಗರಿಗರಿಯಾಗಿರುತ್ತದೆ, ನಡೆದರೆ ಸರಸರ ಸದ್ದು ಮಾಡುತ್ತದೆ, ಉಬ್ಬಿಸಿದರೆ ಉಬ್ಬಿಕೊಂಡೇ ನಿಲ್ಲುತ್ತದೆ. ಮಡಚಿದರೆ ಮಡಿಕೆಯೂ ಹಾಗೇ ನಿಲ್ಲುತ್ತದೆ.

ಈ ಕೊನೆಯ ಗುಣ ಏನು ಮಾಡಬಲ್ಲದು ಅಂತ 1981ರ ಜುಲೈ 29ರಂದು ಇಡೀ ಜಗತ್ತು ನೋಡಿತು. ಯುವರಾಜ ಚಾರ್ಲ್ಸ್‌ನನ್ನು ಮದುವೆಯಾಗಲು ಡಯಾನಾ ಅವತ್ತು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಬಂದಿಳಿದಾಗ ತೊಟ್ಟಿದ್ದು ದಂತವರ್ಣದ ರೇಷ್ಮೆ ಟಾಫೆಟಾ ಗೌನ್. ಡಿಸೈನ್ ಮಾಡಿದ್ದು ಡೇವಿಡ್ ಮತ್ತು ಎಲಿಜಬೆತ್ ಇಮ್ಯಾನುಯೆಲ್ ದಂಪತಿ. ಬಟ್ಟೆ ನೇಯ್ದಿದ್ದು ಸಫೋಕ್‌ನ ಸಡ್ಬರಿ ಪಟ್ಟಣದ ಸ್ಟೀಫನ್ ವಾಲ್ಟರ್ಸ್ ಮಗ್ಗಗಳಲ್ಲಿ. ಟ್ರೇನ್ 25 ಅಡಿ, ಅಂದರೆ ಏಳೂವರೆ ಮೀಟರಿಗಿಂತ ಜಾಸ್ತಿ. ವಧುವನ್ನು ಕರೆತಂದ ಗಾಜಿನ ಸಾರೋಟು ಮಾತ್ರ ಚಿಕ್ಕದು. ಒಳಗೆ ಡಯಾನಾ, ಜೊತೆಗೆ ಅವರ ತಂದೆ, ಜೊತೆಗೆ ಮಡಚಿ ಮಡಚಿ ತುರುಕಿದ 25 ಅಡಿ ಟಾಫೆಟಾ. ಇಳಿದಾಗ ಗೌನ್ ಪೂರ್ತಿ ಸುಕ್ಕು. ಮೆಟ್ಟಿಲ ಮೇಲೆ ಕಾದಿದ್ದ ಇಮ್ಯಾನುಯೆಲ್ ದಂಪತಿ ಎಳೆದೆಳೆದು ಸರಿ ಮಾಡಿದರೂ ಗೆರೆಗಳು ಪೂರ್ತಿ ಹೋಗಲಿಲ್ಲ.

ಅದು ಯಾರ ಕೈಗುಣದ ತಪ್ಪೂ ಅಲ್ಲ. ಅಷ್ಟು ಉಬ್ಬಿ ನಿಂತ ತೋಳು, ಸ್ಕರ್ಟು ಕೊಟ್ಟಿದ್ದು ಯಾವ ಬಟ್ಟೆಯೋ ಸುಕ್ಕು ಕೊಟ್ಟಿದ್ದೂ ಅದೇ ಬಟ್ಟೆ. ಒಂದು ಬೇಕೆಂದರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು.

ಇದರ ಎದುರು ತುದಿಯಲ್ಲಿರುವುದು 1996ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಂಬರ್‌ಲ್ಯಾಂಡ್ ದ್ವೀಪದಲ್ಲಿ ಅಧ್ಯಕ್ಷ ಕೆನಡಿಯವರ ಮಗನನ್ನು ಮದುವೆಯಾದ ಕ್ಯಾರೊಲಿನ್ ಬೆಸೆಟ್ ತೊಟ್ಟ ಗೌನ್. ನಾರ್ಸಿಸೊ ರೊಡ್ರಿಗೆಜ್ ಮಾಡಿದ್ದು. ಲೇಸ್ ಇಲ್ಲ, ಮಣಿ ಇಲ್ಲ, ಬರೀ ರೇಷ್ಮೆ ಕ್ರೇಪ್, ಅಂದರೆ ಮೇಲ್ಮೈ ಸಣ್ಣಗೆ ತರಿತರಿಯಾಗಿರುವ ಬಟ್ಟೆ. ಅದನ್ನು ಬಯಾಸ್ ಕಟ್ ಮಾಡಿದ್ದರು. ಅಂದರೆ ಬಟ್ಟೆಯನ್ನು ನೇರ ಎಳೆಯ ಗುಂಟ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುವುದು. ಹಾಗೆ ಮಾಡಿದರೆ ನೇಯ್ದ ಬಟ್ಟೆಗೂ ಸ್ವಲ್ಪ ಹಿಗ್ಗುವ ಗುಣ ಬರುತ್ತದೆ, ಮೈಯ ಆಕಾರಕ್ಕೆ ತಾನಾಗೇ ಕೂರುತ್ತದೆ. ನೋಡುವುದಕ್ಕೆ ಸರಳ. ಹೊಲಿಯುವವರಿಗೆ ಬಹಳ ಕಷ್ಟ, ಯಾಕೆಂದರೆ ಓರೆ ಬಟ್ಟೆ ಮೇಜಿನ ಮೇಲೇ ಜಗ್ಗುತ್ತಾ ಹೋಗುತ್ತದೆ, ತಪ್ಪು ಮುಚ್ಚಲು ಮೇಲೆ ಅಲಂಕಾರವೂ ಇರುವುದಿಲ್ಲ. ಖಾಲಿ ಗೌನ್ ಅಂದರೆ ಸುಲಭದ ಗೌನ್ ಅಲ್ಲ.

ಬಿಳಿ ಬಣ್ಣ ಬಂದಿದ್ದು ಯಾವಾಗ

ಯುರೋಪಿನಲ್ಲಿ ವಧು ಬಿಳಿ ತೊಡುವುದು ಅನಾದಿ ಕಾಲದ ಪದ್ಧತಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಿಜದಲ್ಲಿ ಅದು ಬೇರೂರಿ ಇನ್ನೂ ಇನ್ನೂರು ವರ್ಷ ಆಗಿಲ್ಲ. ಅದಕ್ಕೂ ಮೊದಲು ಬಿಳಿ ತೊಟ್ಟ ರಾಜವಧುಗಳು ಇದ್ದರು. ಸ್ಕಾಟ್‌ಲ್ಯಾಂಡಿನ ರಾಣಿ ಮೇರಿ 1558ರಲ್ಲಿ ಫ್ರಾನ್ಸಿನ ಯುವರಾಜನನ್ನು ಮದುವೆಯಾದಾಗ ಬಿಳಿ ತೊಟ್ಟಿದ್ದಳು, ಆಗ ಫ್ರಾನ್ಸಿನ ರಾಜಮನೆತನದಲ್ಲಿ ಅದು ಸೂತಕದ ಬಣ್ಣ. ಆದರೆ ಬಿಳಿಯೇ ತೊಡಬೇಕು ಅಂತ ಇರಲಿಲ್ಲ. ಬ್ರಿಟನ್ನಿನಲ್ಲಿ ರಾಜಮನೆತನದವರು ಬೆಳ್ಳಿ ಎಳೆಯ ಗೌನ್ ತೊಡುತ್ತಿದ್ದರು. 1816ರಲ್ಲಿ ರಾಜಕುಮಾರಿ ಶಾರ್ಲೆಟ್ ತೊಟ್ಟಿದ್ದ ಬೆಳ್ಳಿಯ ಗೌನ್ ಇವತ್ತಿಗೂ ಉಳಿದಿದೆ. ಜನಸಾಮಾನ್ಯರು ತಮ್ಮಲ್ಲಿದ್ದ ಒಳ್ಳೆಯ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಆಮೇಲೆ ಅದನ್ನೇ ಬೇರೆ ಸಮಾರಂಭಗಳಿಗೂ ಹಾಕುತ್ತಿದ್ದರು.

1840ರ ಫೆಬ್ರವರಿ 10ರಂದು ರಾಣಿ ವಿಕ್ಟೋರಿಯಾ ಪ್ರಿನ್ಸ್ ಆಲ್ಬರ್ಟ್‌ನನ್ನು ಮದುವೆಯಾದಳು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ತಿಳಿ ಕೆನೆಬಿಳಿ ಸ್ಯಾಟಿನ್, ಮೇಲೆ ಡೆವನ್ ಪ್ರಾಂತ್ಯದ ಹಾನಿಟನ್ ಲೇಸ್, ತಲೆಗೆ ಕಿರೀಟದ ಬದಲು ಕಿತ್ತಳೆ ಹೂವಿನ ಮಾಲೆ. ಇಲ್ಲಿ ಮುಖ್ಯವಾದದ್ದು ಬಣ್ಣವಲ್ಲ, ಲೇಸ್. ಆಗ ಯಂತ್ರದಲ್ಲಿ ಬಲೆ ಬಟ್ಟೆ ನೇಯುವುದು ಶುರುವಾಗಿ ಕೈಲೇಸ್ ಮಾಡುವವರ ಹೊಟ್ಟೆಯ ಮೇಲೆ ಏಟು ಬಿದ್ದಿತ್ತು. ರಾಣಿಯ ಲೇಸಿನ ಕೆಲಸ ಡೆವನ್‌ನ ಬಿಯರ್ ಎಂಬ ಕಡಲ ದಂಡೆಯ ಹಳ್ಳಿಗೆ ಸಿಕ್ಕಿತು. 200ಕ್ಕೂ ಹೆಚ್ಚು ಮಹಿಳೆಯರು ತಿಂಗಳುಗಟ್ಟಲೆ ಅದರ ಮೇಲೆ ಕೂತರು. ಆ ಲೇಸ್ ಎದ್ದು ಕಾಣಬೇಕಾದರೆ ಅಡಿಯ ಬಟ್ಟೆಯೂ ತಿಳಿಯಾಗಿರಬೇಕಿತ್ತು. ಬಿಳಿ ಬಂದ ದಾರಿಗಳಲ್ಲಿ ಇದೂ ಒಂದು.

ರಾಣಿ ತೊಟ್ಟಿದ್ದರ ಚಿತ್ರಗಳು ಅಚ್ಚಾಗಿ ದೇಶ ವಿದೇಶಗಳಿಗೆ ಹೋದವು. 1849ರ ಹೊತ್ತಿಗೆ ಅಮೆರಿಕದ ಮಹಿಳಾ ಪತ್ರಿಕೆಯೊಂದು ಬಿಳಿ ಅಂದರೆ ಕನ್ಯೆಯ ಪಾವಿತ್ರ್ಯದ ಗುರುತು, ಅದು ಹಿಂದಿನಿಂದಲೂ ಬಂದದ್ದು ಅಂತ ಬರೆಯತೊಡಗಿತ್ತು. ಅಂದರೆ ಮೊದಲು ಫ್ಯಾಷನ್ ಬಂತು, ಅರ್ಥವನ್ನು ಆಮೇಲೆ ಜೋಡಿಸಿದರು. ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ಕಲ್ಲಿದ್ದಲ ಹೊಗೆ, ಕೆಸರು ರಸ್ತೆಗಳ ಕಾಲದಲ್ಲಿ ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವುದು ದುಡ್ಡಿದ್ದವರ ಮನೆಯಲ್ಲಿ ಮಾತ್ರ. ಒಂದೇ ದಿನಕ್ಕೆ ಬಿಳಿ ಗೌನ್ ಹೊಲಿಸುವುದು ಶ್ರೀಮಂತಿಕೆಯನ್ನು ತೋರಿಸುವ ದಾರಿಯೂ ಆಗಿತ್ತು.

ಕೂಪನ್ ಕೊಟ್ಟು ಹೊಲಿಸಿದ ಗೌನ್

ಎರಡನೇ ಮಹಾಯುದ್ಧದ ಸಮಯದಲ್ಲಿ, 1941ರಿಂದ, ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂತು. ಕೈಯಲ್ಲಿ ದುಡ್ಡಿದ್ದರೂ ಕೂಪನ್ ಇಲ್ಲದೆ ಬಟ್ಟೆ ಸಿಗುತ್ತಿರಲಿಲ್ಲ. ಎಷ್ಟೋ ವಧುಗಳು ಬೇರೆಯವರ ಗೌನ್ ಎರವಲು ತಂದರು, ಪ್ಯಾರಾಶೂಟ್ ಬಟ್ಟೆಯಲ್ಲಿ ಗೌನ್ ಹೊಲಿದುಕೊಂಡರು. ಯುದ್ಧ ಮುಗಿದ ಮೇಲೂ ಈ ರೇಷನ್ 1949ರವರೆಗೆ ಇತ್ತು.

ಮುಂದೆ ರಾಣಿಯಾಗಲಿದ್ದ ಎಲಿಜಬೆತ್ ಮದುವೆ ನಡೆದದ್ದು ಇದರ ನಡುವೆ, 1947ರ ನವೆಂಬರ್ 20ರಂದು. ಅವರೂ ಕೂಪನ್ ಕೊಟ್ಟೇ ಬಟ್ಟೆ ಪಡೆಯಬೇಕಿತ್ತು. ಸರ್ಕಾರ 200 ಕೂಪನ್ ಹೆಚ್ಚಿಗೆ ಕೊಟ್ಟಿತು. ದೇಶದ ಮೂಲೆ ಮೂಲೆಯಿಂದ ಮಹಿಳೆಯರು ತಮ್ಮ ಕೂಪನ್‌ಗಳನ್ನೂ ಅಂಚೆಯಲ್ಲಿ ಕಳಿಸಿದರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಕಾನೂನು ಪ್ರಕಾರ ತಪ್ಪು, ಹಾಗಾಗಿ ಎಲ್ಲವನ್ನೂ ವಾಪಸ್ ಕಳಿಸಬೇಕಾಯಿತು.

ಗೌನ್ ಮಾಡಿದ್ದು ನಾರ್ಮನ್ ಹಾರ್ಟ್‌ನೆಲ್. ವಸಂತ ಋತುವನ್ನು ಕುರಿತ ಇಟಲಿಯ ಹಳೆಯ ಕಲಾವಿದ ಬಾಟಿಚೆಲ್ಲಿಯ ಚಿತ್ರದಿಂದ ಹೂವಿನ ವಿನ್ಯಾಸ ತೆಗೆದುಕೊಂಡರು. ಯುದ್ಧ ಮುಗಿದು ಹೊಸ ಕಾಲ ಬರುತ್ತಿದೆ ಅನ್ನುವ ಸೂಚನೆ ಅದರಲ್ಲಿತ್ತು. ಟ್ರೇನ್ 15 ಅಡಿ, ಮುತ್ತುಗಳು 10,000. ಅವು ಅಮೆರಿಕದಿಂದ ಬಂದವು. ಸುಮಾರು 350 ಮಹಿಳೆಯರು ಏಳು ವಾರ ದುಡಿದರು. ಆಗ ಎದ್ದ ಒಂದು ತಕರಾರು ಇವತ್ತಿಗೆ ವಿಚಿತ್ರ ಅನ್ನಿಸಬಹುದು: ಈ ರೇಷ್ಮೆಯ ಹುಳು ಯಾವ ದೇಶದ್ದು? ಜಪಾನ್ ಮತ್ತು ಇಟಲಿ ಯುದ್ಧದಲ್ಲಿ ಶತ್ರುಗಳಾಗಿದ್ದವು. ಶತ್ರು ದೇಶದ ಹುಳುವಿನ ರೇಷ್ಮೆಯನ್ನು ರಾಜಕುಮಾರಿ ತೊಡಬಹುದೇ ಅನ್ನುವ ಮಾತು ಬಂತು. ಹಾರ್ಟ್‌ನೆಲ್ ವಿಚಾರಿಸಿ, ಹುಳುಗಳು ಚೀನಾದವು ಅಂತ ಖಚಿತ ಮಾಡಬೇಕಾಯಿತು. ಟ್ರೇನಿಗೆ ಮಾತ್ರ ಇಂಗ್ಲೆಂಡಿನಲ್ಲೇ ಸಾಕಿದ ಹುಳುಗಳ ರೇಷ್ಮೆ ಬಂತು, ಕೆಂಟ್ ಪ್ರಾಂತ್ಯದ ಲಲ್ಲಿಂಗ್‌ಸ್ಟೋನ್‌ನಿಂದ. ಮುಂದೆ 1981ರಲ್ಲಿ ಡಯಾನಾ ಗೌನಿಗೂ ಇದೇ ರೇಷ್ಮೆ ಸಾಕಣೆಯಿಂದ ರೇಷ್ಮೆ ಹೋಯಿತು.

ರಾಜಮನೆತನದ ಗೌನ್ ಅಂದರೆ ಇದೇ. ಚೆಂದ ಕಂಡರಷ್ಟೇ ಸಾಲದು. ಯಾವ ದೇಶದ ನೂಲು, ಯಾವ ಊರಿನ ಮಗ್ಗ, ಎಷ್ಟು ಖರ್ಚು ಅನ್ನುವ ಪ್ರತಿಯೊಂದಕ್ಕೂ ಜನರ ಮುಂದೆ ಉತ್ತರ ಇರಬೇಕು.

ಲೇಸ್ ಹತ್ತಿರದಿಂದ

ಲೇಸ್ ಅಂದರೆ ಬಟ್ಟೆಗೆ ತೂತು ಕೊರೆದದ್ದಲ್ಲ. ಎಳೆಗಳನ್ನೇ ತಿರುಚಿ, ಹೆಣೆದು, ನಡುವೆ ಖಾಲಿ ಜಾಗ ಬಿಟ್ಟು ಮಾಡಿದ್ದು. ಹಾನಿಟನ್ ಲೇಸ್ ಮಾಡುವಾಗ ಒಂದು ದಿಂಬಿನ ಮೇಲೆ ವಿನ್ಯಾಸದ ಗುಂಟ ಗುಂಡುಸೂಜಿ ಚುಚ್ಚಿ, ಎಳೆ ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ಅದಲು ಬದಲು ಮಾಡುತ್ತಾ ಹೋಗುತ್ತಾರೆ. ಒಂದು ಹೂವು, ಒಂದು ಎಲೆ ಅಂತ ಬೇರೆ ಬೇರೆ ಮಾಡಿ ಕೊನೆಗೆ ಕೂಡಿಸುತ್ತಾರೆ. 200 ಮಹಿಳೆಯರು ಒಂದೇ ಗೌನಿಗೆ ಕೆಲಸ ಮಾಡಲು ಸಾಧ್ಯವಾದದ್ದು ಇದರಿಂದಲೇ.

ಅಪ್ಲಿಕ್ ಅಂದರೆ ಲೇಸಿನಿಂದ ಹೂವು, ಎಲೆಗಳನ್ನು ಬಿಡಿ ಬಿಡಿಯಾಗಿ ಕತ್ತರಿಸಿ ಬೇರೊಂದು ಬಟ್ಟೆಯ ಮೇಲೆ ಹೊಲಿಯುವುದು. 2011ರ ಏಪ್ರಿಲ್ 29ರಂದು ಕೇಟ್ ತೊಟ್ಟ ಗೌನಿನ ಕೆಲಸ ಇದು. ಡಿಸೈನರ್ ಸಾರಾ ಬರ್ಟನ್, ಮನೆ (ಅಂದರೆ ಫ್ಯಾಷನ್ ಸಂಸ್ಥೆ) ಅಲೆಕ್ಸಾಂಡರ್ ಮೆಕ್‌ಕ್ವೀನ್. ಲೇಸ್ ಕೂರಿಸಿದ್ದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರುವ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು. ಗುಲಾಬಿ, ಥಿಸಲ್, ಡ್ಯಾಫೋಡಿಲ್, ಶ್ಯಾಮ್‌ರಾಕ್ ಎಲೆ. ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್, ವೇಲ್ಸ್, ಐರ್ಲೆಂಡ್‌ಗೆ ಒಂದೊಂದು.

ಕೆಲಸ ನಡೆದ ರೀತಿ ನೋಡಿ. ತೆಳು ರೇಷ್ಮೆ ಬಲೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟುತ್ತಾರೆ. ಕತ್ತರಿಸಿದ ಲೇಸಿನ ಹೂವನ್ನು ಅದರ ಮೇಲಿಟ್ಟು ಪಿನ್ ಮಾಡುತ್ತಾರೆ. ಆಮೇಲೆ ಹೂವಿನ ಅಂಚಿನ ಸುತ್ತ ಸೂಜಿಯನ್ನು ನೇರವಾಗಿ ಕೆಳಗೆ, ನೇರವಾಗಿ ಮೇಲೆ ಎಳೆಯುತ್ತಾ ಎರಡು ಮೂರು ಮಿಲಿಮೀಟರಿಗೆ ಒಂದು ಹೊಲಿಗೆ ಹಾಕುತ್ತಾರೆ. ಒಂದು ಎಲೆಯ ಸುತ್ತ ಹೋಗಿ ಬರುವಷ್ಟರಲ್ಲೇ ಹತ್ತಾರು ಹೊಲಿಗೆ. ಬೆರಳಿನ ಬೆವರು ಬಲೆಗೆ ತಾಗಬಾರದು, ಅದಕ್ಕೆ ಪ್ರತಿ 30 ನಿಮಿಷಕ್ಕೊಮ್ಮೆ ಕೈ ತೊಳೆಯುತ್ತಿದ್ದರು. ಸೂಜಿ ಮೊಂಡಾದರೆ ಎಳೆ ಕಿತ್ತು ಬರುತ್ತದೆ, ಅದಕ್ಕೆ ಮೂರು ಗಂಟೆಗೊಮ್ಮೆ ಸೂಜಿ ಬದಲಾಯಿಸುತ್ತಿದ್ದರು. ಇಂಥ ಹೂವುಗಳು ಬಾಡಿಸ್, ಸ್ಕರ್ಟ್, ಟ್ರೇನ್, ವೇಲ್ ತುಂಬ. 900 ಗಂಟೆ, 2000 ಗಂಟೆ ಅನ್ನುವ ಲೆಕ್ಕ ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಗುತ್ತದೆ, ಅಲ್ವಾ? ಅದು ಒಬ್ಬರು ಕೂತ ಗಂಟೆಗಳಲ್ಲ, ಕೆಲಸ ಮಾಡಿದ ಎಲ್ಲರ ಗಂಟೆಗಳನ್ನು ಕೂಡಿಸಿದ ಮೊತ್ತ.

ಹಾಗಾದರೆ ಡಿಸೈನರ್ ಮಾಡುವುದೇನು

ಕಾಗದದ ಮೇಲೆ ಚಿತ್ರ ಬಿಡಿಸುವುದು ಕೆಲಸದ ಸಣ್ಣ ಭಾಗ. ವಧುವಿನ ಎತ್ತರ, ನಡಿಗೆ, ಮದುವೆಯ ಜಾಗ, ಅಲ್ಲಿನ ಬೆಳಕು, ಕ್ಯಾಮೆರಾ ಎಲ್ಲಿಂದ ನೋಡುತ್ತದೆ ಅನ್ನುವುದು, ತೋಳು ಮುಚ್ಚಬೇಕೆ ಎಂಬ ಚರ್ಚಿನ ಕಟ್ಟಳೆ, ಇವನ್ನೆಲ್ಲ ಲೆಕ್ಕಕ್ಕೆ ತಂದುಕೊಂಡು ಬಟ್ಟೆ ಆರಿಸುತ್ತಾರೆ. ಆಮೇಲೆ ಬರುವುದು ಟ್ವಾಲ್. ಅಂದರೆ ಸಾದಾ ಹತ್ತಿ ಬಟ್ಟೆಯಲ್ಲಿ ಹೊಲಿದ ಪ್ರಯೋಗದ ಗೌನ್. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಇದನ್ನು ವಧುವಿಗೆ ತೊಡಿಸಿ, ಪಿನ್ ಚುಚ್ಚಿ, ಗೆರೆ ಎಳೆದು ತಿದ್ದುತ್ತಾರೆ. ತಿದ್ದಿದ ಟ್ವಾಲ್ ಬಿಚ್ಚಿದರೆ ಅದೇ ಅಳತೆಯ ಮಾದರಿ. ಆಮೇಲೆ ನಿಜವಾದ ಬಟ್ಟೆ, ಮತ್ತೆ ಹಲವು ಸಲ ಅಳತೆ ನೋಡುವುದು. ಡಯಾನಾ ಮದುವೆಯ ಹೊತ್ತಿಗೆ ತೂಕ ಕಳೆದುಕೊಳ್ಳುತ್ತಲೇ ಹೋದದ್ದರಿಂದ ಬಾಡಿಸ್ ಅನ್ನು ಮತ್ತೆ ಮತ್ತೆ ಬಿಗಿ ಮಾಡಬೇಕಾಯಿತು.

ಓಟ್ ಕುಟೂರ್ ಎಂಬ ಹೆಸರಿಗೆ ಫ್ರಾನ್ಸಿನಲ್ಲಿ 1945ರಿಂದ ಕಾನೂನಿನ ರಕ್ಷಣೆ ಇದೆ. ಪ್ಯಾರಿಸ್‌ನಲ್ಲಿ ಸ್ವಂತ ಕಾರ್ಯಾಗಾರ, ಕಾಯಂ ಕೆಲಸಗಾರರು ಮುಂತಾದ ಷರತ್ತು ಪೂರೈಸಿ ಮಾನ್ಯತೆ ಪಡೆದ ಮನೆಗಳಷ್ಟೇ ಅಲ್ಲಿ ಆ ಹೆಸರು ಬಳಸಬಹುದು. ಉಳಿದ ಕಡೆ ಕುಟೂರ್ ಅಂದರೆ ಒಬ್ಬರ ಅಳತೆಗೇ, ಹೆಚ್ಚಾಗಿ ಕೈಯಿಂದಲೇ ಹೊಲಿದದ್ದು ಅಂತ ಸಡಿಲ ಅರ್ಥ. ದರ್ಜಿಯಿಂದ ಡಿಸೈನರ್ ಬೇರೆಯಾದ ಕಥೆ ಶುರುವಾಗುವುದು 1858ರ ಪ್ಯಾರಿಸ್‌ನಲ್ಲಿ. ಅಲ್ಲಿ ಅಂಗಡಿ ತೆರೆದ ಇಂಗ್ಲಿಷ್ ಮನುಷ್ಯ ಚಾರ್ಲ್ಸ್ ಫ್ರೆಡರಿಕ್ ವರ್ತ್ ತಾನು ಮಾಡಿದ ಬಟ್ಟೆಯೊಳಗೆ ತನ್ನ ಹೆಸರಿನ ಪಟ್ಟಿ ಹೊಲಿಯತೊಡಗಿದ. ಗಿರಾಕಿ ಹೇಳಿದ್ದನ್ನು ಹೊಲಿಯುವ ಕಾಲ ಹೋಗಿ, ಡಿಸೈನರ್ ಮಾಡಿದ್ದನ್ನು ಗಿರಾಕಿ ಬಯಸುವ ಕಾಲ ಬಂತು.

ಸಿನಿಮಾ ಲೋಕದ ದಾರಿಯೂ ಒಂದಿತ್ತು. 1956ರ ಏಪ್ರಿಲ್‌ನಲ್ಲಿ ಹಾಲಿವುಡ್ ತಾರೆ ಗ್ರೇಸ್ ಕೆಲ್ಲಿ ಮೊನಾಕೊದ ದೊರೆ ಮೂರನೇ ರೇನಿಯೆಯನ್ನು ಮದುವೆಯಾದಾಗ ಗೌನ್ ಬಂದದ್ದು ಎಂಜಿಎಂ ಸ್ಟುಡಿಯೊದ ಉಡುಗೊರೆಯಾಗಿ. ಮಾಡಿದ್ದು ಸ್ಟುಡಿಯೊದ ವೇಷಭೂಷಣ ವಿನ್ಯಾಸಕಿ ಹೆಲೆನ್ ರೋಸ್. ಕ್ಯಾಮೆರಾ ಮುಂದೆ ಬಟ್ಟೆ ಹೇಗೆ ಕಾಣುತ್ತದೆ ಅಂತ ಅವರಷ್ಟು ಬಲ್ಲವರು ಕಡಿಮೆ. ಎತ್ತರದ ಕತ್ತುಪಟ್ಟಿ, ಲೇಸಿನ ಉದ್ದ ತೋಳು. ಆ ಮದುವೆ ಟಿವಿಯಲ್ಲಿ ನೇರ ಪ್ರಸಾರವಾಯಿತು. 55 ವರ್ಷಗಳ ನಂತರ ಕೇಟ್ ತೊಟ್ಟ ಗೌನಿನಲ್ಲೂ ಅದರ ನೆರಳು ಕಾಣುತ್ತದೆ.

ಹೆಸರೇ ಬರದ ಡಿಸೈನರ್

1953ರ ಸೆಪ್ಟೆಂಬರ್ 12ರಂದು ಅಮೆರಿಕದ ನ್ಯೂಪೋರ್ಟ್‌ನಲ್ಲಿ ಜಾಕ್ವೆಲಿನ್ ಬೂವಿಯೆ ಮತ್ತು ಜಾನ್ ಎಫ್. ಕೆನಡಿ ಮದುವೆ ನಡೆಯಿತು. ಪತ್ರಿಕೆಗಳು ಗೌನನ್ನು ವಿವರವಾಗಿ ಬಣ್ಣಿಸಿದವು. ಅದನ್ನು ಮಾಡಿದವರ ಹೆಸರು ಮಾತ್ರ ಹೆಚ್ಚಿನ ಕಡೆ ಬರಲಿಲ್ಲ.

ಅವರು ಆನ್ ಲೋ. ಅಲಬಾಮಾದಲ್ಲಿ ಹುಟ್ಟಿದ ಕಪ್ಪು ಮಹಿಳೆ. ಗುಲಾಮಗಿರಿಯಲ್ಲಿ ಹುಟ್ಟಿ ಹೊಲಿಗೆ ಕಲಿತಿದ್ದ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ ಕಸುಬು ಬಂದಿತ್ತು. ಬಟ್ಟೆಯಲ್ಲೇ ಹೂವು ಅರಳಿಸುವುದು ಅವರ ಕೈಚಳಕ. ಮದುವೆಗೆ ಇನ್ನು ಹತ್ತು ದಿನ ಇರುವಾಗ ನ್ಯೂಯಾರ್ಕ್‌ನ ಅವರ ಕಾರ್ಯಾಗಾರಕ್ಕೆ ನೀರು ನುಗ್ಗಿತು. ವಧುವಿನ ಗೌನ್, ಜೊತೆಗೆ ಸಖಿಯರ ಎಷ್ಟೋ ಗೌನುಗಳು ಹಾಳಾದವು. ವಧುವಿನ ಗೌನಿಗೆ ಮೊದಲ ಸಲ ಎರಡು ತಿಂಗಳು ಹಿಡಿದಿತ್ತು. ಆನ್ ಲೋ ಮತ್ತೆ ಬಟ್ಟೆ ಕೊಂಡರು, ಹೆಚ್ಚಿನ ಕೆಲಸಗಾರರನ್ನು ಕರೆಸಿದರು, ಹಗಲು ರಾತ್ರಿ ಹೊಲಿದು ಸಮಯಕ್ಕೆ ಸರಿಯಾಗಿ ತಲುಪಿಸಿದರು. ವಧುವಿನ ಮನೆಯವರಿಗೆ ಅನಾಹುತದ ಸುದ್ದಿಯನ್ನೇ ಹೇಳಲಿಲ್ಲ. ಅವರ ಲೆಕ್ಕದಲ್ಲಿ 700 ಡಾಲರ್ ಲಾಭ ಬರಬೇಕಿತ್ತು. ಆದದ್ದು 2,200 ಡಾಲರ್ ನಷ್ಟ. ಗೌನ್ ತಲುಪಿಸಲು ಹೋದಾಗ ಹಿಂಬಾಗಿಲಿನಿಂದ ಬನ್ನಿ ಅಂದರು. ಹಾಗಾದರೆ ಗೌನ್ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಅಂದ ಅವರು ಮುಂಬಾಗಿಲಿನಿಂದಲೇ ಒಳಗೆ ಹೋದರು.

ಅವರ ಕೆಲಸಕ್ಕೇ ಮೀಸಲಾದ ದೊಡ್ಡ ಪ್ರದರ್ಶನ ಡೆಲವೇರ್‌ನ ವಿಂಟರ್‌ಥರ್ ಮ್ಯೂಸಿಯಂನಲ್ಲಿ ನಡೆದದ್ದು 2023ರಲ್ಲಿ. ಮದುವೆಯಾಗಿ 70 ವರ್ಷಗಳ ಮೇಲೆ. ಒಂದು ಹೆಸರು ಬರೆಯಲು ಇಷ್ಟು ತಡ ಆಗಬಾರದಿತ್ತು.

ಗುಟ್ಟು ಯಾಕೆ

ಗೌನ್ ಹೇಗಿದೆ ಅಂತ ಮೊದಲೇ ಗೊತ್ತಾದರೆ ಮದುವೆಗೆ ಮುಂಚೆಯೇ ನಕಲು ಬಂದುಬಿಡುತ್ತದೆ. 1947ರಲ್ಲಿ ಹಾರ್ಟ್‌ನೆಲ್ ತಮ್ಮ ಕಾರ್ಯಾಗಾರದ ಕಿಟಕಿಗಳಿಗೆ ಸುಣ್ಣ ಬಳಿಸಿ ಬಟ್ಟೆ ಕಟ್ಟಿಸಿದ್ದರು. 1981ರಲ್ಲಿ ಇಮ್ಯಾನುಯೆಲ್ ದಂಪತಿ ಗೌನ್ ಇಡಲು ತಿಜೋರಿ ತರಿಸಿದರು. ಪತ್ರಕರ್ತರು ಕಸದ ಬುಟ್ಟಿ ಜಾಲಾಡುತ್ತಿದ್ದರಿಂದ ಅದರಲ್ಲಿ ಬೇಕಂತಲೇ ಬೇರೆ ಬಣ್ಣದ ನೂಲು ಹಾಕುತ್ತಿದ್ದರು. ಜೊತೆಗೆ ಬದಲಿ ಗೌನ್ ಒಂದನ್ನೂ ಸಿದ್ಧ ಮಾಡುತ್ತಿದ್ದರು. 2011ರಲ್ಲಿ ಸಾರಾ ಬರ್ಟನ್ ಹೆಸರು ಅಧಿಕೃತವಾಗಿ ಹೊರಬಂದದ್ದು ಮದುವೆಯ ದಿನ ಬೆಳಗ್ಗೆ.

ಮದುವೆ ಮುಗಿದ ಮೇಲಂತೂ ನಕಲು ತಡೆಯುವುದು ಕಷ್ಟ. ಡಯಾನಾ ಗೌನಿನ ನಕಲು ಕೆಲವೇ ಗಂಟೆಗಳಲ್ಲಿ ಲಂಡನ್ನಿನ ಅಂಗಡಿಗೆ ಬಂದಿತ್ತು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಬಟ್ಟೆಯ ಮೇಲಿನ ಚಿತ್ರಕ್ಕೆ ಹಕ್ಕುಸ್ವಾಮ್ಯ ಸಿಗಬಹುದು, ಆದರೆ ಗೌನಿನ ಕಟ್ಟು, ಆಕಾರಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಫ್ರಾನ್ಸಿನಲ್ಲಿ ಡಿಸೈನಿಗೆ ಹೆಚ್ಚು ರಕ್ಷಣೆ ಇದೆ.

ಬಟ್ಟೆಯ ಮೇಲೆ ಬರೆದ ಮಾತು

2018ರ ಮೇ 19ರಂದು ಬ್ರಿಟನ್ ರಾಜಕುಮಾರ ಹ್ಯಾರಿಯನ್ನು ಮದುವೆಯಾದಾಗ ಮೇಗನ್ ಮಾರ್ಕಲ್ ತೊಟ್ಟ ಗೌನ್ ಮೇಲೆ ಏನೂ ಇರಲಿಲ್ಲ. ಒಟ್ಟು ಆರೇ ಹೊಲಿಗೆ ಸಾಲುಗಳು. ಮಾಡಿದ್ದು ಜಿವಾಂಶಿ ಮನೆಯ ಕ್ಲೇರ್ ವೈಟ್ ಕೆಲ್ಲರ್. ಹೇಳಬೇಕಾದ್ದೆಲ್ಲ ಐದು ಮೀಟರ್ ಉದ್ದದ ವೇಲ್‌ನಲ್ಲಿತ್ತು. ಅದರ ಅಂಚಿನಲ್ಲಿ ಆಗ ಕಾಮನ್‌ವೆಲ್ತ್‌ನಲ್ಲಿದ್ದ 53 ದೇಶಗಳ ಒಂದೊಂದು ಹೂವನ್ನು ಕಸೂತಿ ಮಾಡಿದ್ದರು. ಭಾರತಕ್ಕೆ ತಾವರೆ. ಜೊತೆಗೆ ಮೇಗನ್ ಹುಟ್ಟಿದ ರಾಜ್ಯದ ಕ್ಯಾಲಿಫೋರ್ನಿಯಾ ಪಾಪಿ.

ಅದೇ ವರ್ಷದ ಡಿಸೆಂಬರ್ 1ರಂದು ಜೋಧಪುರದ ಉಮೈದ್ ಭವನ್ ಅರಮನೆಯಲ್ಲಿ ಪ್ರಿಯಾಂಕಾ ಚೋಪ್ರಾ ತೊಟ್ಟ ರಾಲ್ಫ್ ಲಾರೆನ್ ಗೌನಿನ ಮಾತು ಹೆಚ್ಚು ಖಾಸಗಿ. ವರನ ಹೆಸರು, ಮದುವೆಯ ತಾರೀಖು, 'ಓಂ ನಮಃ ಶಿವಾಯ' ಎಂಬ ಮಂತ್ರ, ಇವನ್ನೆಲ್ಲ ಗೌನಿನಲ್ಲಿ ಕಸೂತಿ ಮಾಡಿಸಿದ್ದರು. ವೇಲ್ 75 ಅಡಿ, ಅದನ್ನು ಹಿಡಿದು ನಡೆಯಲು ಹಲವರು ಬೇಕಾಯಿತು. ಮರುದಿನ ಹಿಂದೂ ಪದ್ಧತಿಯ ಮದುವೆಗೆ ಸಬ್ಯಸಾಚಿ ಮಾಡಿದ ಕೆಂಪು ಲೆಹೆಂಗಾ. ಅದಕ್ಕೆ ಕೋಲ್ಕತ್ತದ 110 ಕಸೂತಿ ಕೆಲಸಗಾರರು 3,720 ಗಂಟೆ ದುಡಿದರು ಅಂತ ಸಬ್ಯಸಾಚಿ ಕಡೆಯವರೇ ತಿಳಿಸಿದರು. ಡಿಸೈನರ್ ಹೆಸರಿನ ಪಕ್ಕದಲ್ಲಿ ಕೆಲಸಗಾರರ ಲೆಕ್ಕವೂ ಬರುವುದು ಒಳ್ಳೆಯದೇ. ಹೆಸರುಗಳೂ ಬಂದರೆ ಇನ್ನೂ ಒಳ್ಳೆಯದು.

ಅರಮನೆಯಿಂದ ಅಂಗಡಿಗೆ

ವೆರಾ ವಾಂಗ್ ಫ್ಯಾಷನ್ ಪತ್ರಿಕೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. 1989ರಲ್ಲಿ ತಮ್ಮ ಮದುವೆಗೆ ಗೌನ್ ಹುಡುಕಿದಾಗ ತಮ್ಮ ವಯಸ್ಸಿಗೆ, ಅಭಿರುಚಿಗೆ ಒಪ್ಪುವಂಥದ್ದು ಸಿಗಲಿಲ್ಲ. ಕೊನೆಗೆ ತಾವೇ ಡಿಸೈನ್ ಮಾಡಿದರು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದರು. ಮದುವೆ ಗೌನ್ ಅಂದರೆ ಒಂದೇ ಥರದ ಉಬ್ಬು ಸ್ಕರ್ಟ್ ಆಗಿರಬೇಕಿಲ್ಲ ಅಂತ ತೋರಿಸಿದ್ದು ಅವರ ದೊಡ್ಡ ಕೆಲಸ. ಮುಂದೆ ಕಪ್ಪು ಮದುವೆ ಗೌನುಗಳನ್ನೂ ವೇದಿಕೆಗೆ ತಂದರು.

ಇವತ್ತು ಪಶ್ಚಿಮದ ಬಹುಪಾಲು ವಧುಗಳು ಕೊಳ್ಳುವುದು ಕುಟೂರ್ ಅಲ್ಲ. ಅಂಗಡಿಯಲ್ಲಿ ಒಂದು ಮಾದರಿ ಗೌನ್ ಇರುತ್ತದೆ. ಅಳತೆ ಹೊಂದದಿದ್ದರೆ ಬೆನ್ನ ಹಿಂದೆ ಕ್ಲಿಪ್ ಹಾಕಿ ನೋಡುತ್ತಾರೆ. ಇಷ್ಟವಾದರೆ ಹತ್ತಿರದ ಸೈಜಿನಲ್ಲಿ ಹೊಸದನ್ನು ಹೊಲಿಯಲು ಆರ್ಡರ್ ಹೋಗುತ್ತದೆ. ಅದು ಬರಲು ತಿಂಗಳುಗಳೇ ಬೇಕು. ಬಂದ ಮೇಲೆ ಮೈಗೆ ಸರಿಯಾಗಿ ಕೂರಿಸುವ ಕೆಲಸ ಬೇರೆ.

ತಾರೆಯರ ಗೌನಿಗೆ ಇಷ್ಟು ಕೋಟಿ ಅಂತ ಬರುವ ಬೆಲೆಗಳನ್ನು ಹುಷಾರಾಗಿ ಓದಬೇಕು. ಎಷ್ಟೋ ಸಲ ಅವು ಹೊರಗಿನವರ ಅಂದಾಜು. ಅರಮನೆ ಬೆಲೆ ಹೇಳುವುದು ಅಪರೂಪ. ಕೆಲವೊಮ್ಮೆ ಗೌನ್ ಉಡುಗೊರೆಯಾಗಿ ಬಂದಿರುತ್ತದೆ.

ಮದುವೆ ಮುಗಿದ ಮೇಲೆ

ರೇಷ್ಮೆಗೆ ಬೆಳಕು ಶತ್ರು. ಎಳೆ ಪುಡಿಯಾಗುತ್ತದೆ, ಬಣ್ಣ ಹಾರುತ್ತದೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಇಂಥ ಗೌನುಗಳನ್ನು ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ, ಸ್ವಲ್ಪ ಕಾಲ ಮಾತ್ರ ಇಡುತ್ತಾರೆ. ಉಳಿದ ಸಮಯ ಆಮ್ಲ ಇಲ್ಲದ ಕಾಗದ ತುಂಬಿ, ಮಡಿಕೆ ಬೀಳದಂತೆ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. 1937ರಲ್ಲಿ ವಾಲಿಸ್ ಸಿಂಪ್ಸನ್, ಸಿಂಹಾಸನ ಬಿಟ್ಟ ದೊರೆ ಎಂಟನೇ ಎಡ್ವರ್ಡ್‌ನನ್ನು ಮದುವೆಯಾದಾಗ ಮೇನ್‌ಬೊಷೆ ಮಾಡಿದ ನೀಲಿ ಗೌನ್ ತೊಟ್ಟಿದ್ದರು. ಆ ನೀಲಿಗೆ ಅವರ ಹೆಸರೇ ಬಂದಿತ್ತು. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಗೌನಿನಲ್ಲಿ ನೀಲಿ ಉಳಿದಿಲ್ಲ.

ಇಟ್ಟು ಕಾಪಾಡುವುದಲ್ಲದೆ ಮತ್ತೆ ತೊಡುವ ದಾರಿಯೂ ಇದೆ. ವಿಕ್ಟೋರಿಯಾ ತನ್ನ ಮದುವೆಯ ಲೇಸನ್ನು ಮುಂದೆ ಎಷ್ಟೋ ಸಲ ಬೇರೆ ಉಡುಪುಗಳ ಮೇಲೆ ತೊಟ್ಟಳು. 2020ರ ಜುಲೈ 17ರಂದು ರಾಜಕುಮಾರಿ ಬಿಯಾಟ್ರಿಸ್ ಮದುವೆಯಾದಾಗ ತೊಟ್ಟಿದ್ದು ಹೊಸ ಗೌನ್ ಅಲ್ಲ. ಅಜ್ಜಿ ಎಲಿಜಬೆತ್ ರಾಣಿ 1960ರ ದಶಕದಲ್ಲಿ ತೊಟ್ಟಿದ್ದ, ಹಾರ್ಟ್‌ನೆಲ್ ಮಾಡಿದ್ದ ಗೌನ್. ರಾಣಿಯ ಉಡುಪುಗಳನ್ನು ನೋಡಿಕೊಳ್ಳುತ್ತಿದ್ದ ಏಂಜೆಲಾ ಕೆಲ್ಲಿ ಮತ್ತು ಡಿಸೈನರ್ ಸ್ಟೂವರ್ಟ್ ಪಾರ್ವಿನ್ ಅದಕ್ಕೆ ಆರ್ಗನ್ಜಾ ತೋಳು ಕೂರಿಸಿ ಹೊಸ ಮೈಗೆ ಹೊಂದಿಸಿದರು. ಅರ್ಧ ಶತಮಾನ ದಾಟಿದ ಬಟ್ಟೆಗೆ ಮತ್ತೆ ಸೂಜಿ ಹಾಕಲು ಸಾಧ್ಯವಾದದ್ದು ಮೊದಲ ಸಲ ಹೊಲಿದವರ ಕೆಲಸ ಅಷ್ಟು ಗಟ್ಟಿಯಾಗಿದ್ದರಿಂದ.